ಬೆಳವಣಿಗೆಯೇ ಶಿಕ್ಷಣದ ಗುರಿ ಎಂದು ಈಗಲೂ ಹೇಳಬಹುದೇ?

ಪ್ರಶ್ನೆ: ವಿಜ್ಞಾನದ ಟೀಚರ್

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಜೊತೆಗೆ ಶಿಕ್ಷಣದ ತತ್ತ್ವಶಾಸ್ತ್ರದ ಕುರಿತು ಒಂದು ಪ್ರಬಂಧ ಬರೆಯುತ್ತಿದ್ದು, ಅದು ಎರಡು ತಿಂಗಳಿಂದ ಒಂದೇ ಪುಟದಲ್ಲಿ ನಿಂತಿದೆ. ನಿಲ್ಲಿಸಿದ್ದು ತರಗತಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯಾದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಎಂಟನೆಯ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕುಂಡಗಳಲ್ಲಿ ಹುರುಳಿಕಾಯಿಯ ಬೀಜ ಹಾಕಿ, ದಿನವೂ ಸ್ಕೇಲಿನಿಂದ ಗಿಡದ ಎತ್ತರ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತು ಹಾಕುತ್ತಿದ್ದರು. ಐದನೆಯ ವಾರ ಮುಗಿಯುವ ಹೊತ್ತಿಗೆ ಒಂದು ಗುಂಪಿನ ಗಿಡ ಏರುವುದನ್ನು ನಿಲ್ಲಿಸಿತು. ಮೂರು ದಿನ ಅದೇ ಅಳತೆ. ನಾಲ್ಕನೆಯ ದಿನ ಆ ಗುಂಪಿನ ಹುಡುಗನೊಬ್ಬ ಗಿಡವನ್ನು ಅಳೆಯುವ ಗೋಜಿಗೇ ಹೋಗದೆ ಪೆನ್ಸಿಲಿನ ಗೆರೆಯನ್ನು ಮೇಲಕ್ಕೆ ಎಳೆದುಬಿಟ್ಟಿದ್ದ. ಯಾಕೆ ಎಂದು ಕೇಳಿದರೆ, "ಗೆರೆ ಮಲಗಿಬಿಟ್ಟರೆ ಮಾರ್ಕ್ಸ್ ಹೋಗುತ್ತಲ್ಲ ಮಿಸ್" ಎಂದ. ಅವನ ಗಿಡದ ತುದಿಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಮೊಗ್ಗುಗಳಿದ್ದವು. ಅವನು ಅವನ್ನು ನೋಡಿಯೂ ಇದ್ದ. ಆದರೆ ಬರೆದುಕೊಳ್ಳಲು ಹಾಳೆಯಲ್ಲಿ ಜಾಗವಿರಲಿಲ್ಲ. ಒಂದು ಅಂಚಿಗೆ ದಿನ, ಇನ್ನೊಂದು ಅಂಚಿಗೆ ಎತ್ತರ ಎಂದು ಬರೆದುಕೊಟ್ಟವಳು ನಾನೇ.

ಈಗ ಪ್ರಬಂಧದ ವಿಷಯ. ಬೆಳವಣಿಗೆಗೆ ಇನ್ನಷ್ಟು ಬೆಳವಣಿಗೆಯ ಹೊರತು ಬೇರೆ ಗುರಿಯಿಲ್ಲ, ಆದ್ದರಿಂದ ಶಿಕ್ಷಣಕ್ಕೂ ಇನ್ನಷ್ಟು ಶಿಕ್ಷಣದ ಹೊರತು ಬೇರೆ ಗುರಿಯಿಲ್ಲ ಎಂಬ ಮಾತನ್ನು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1916ರಲ್ಲಿ ಪ್ರಜಾಪ್ರಭುತ್ವ ಮತ್ತು ಶಿಕ್ಷಣವನ್ನು ಕುರಿತ ತಮ್ಮ ಗ್ರಂಥದಲ್ಲಿ ವಾದಿಸಿದರು. ತರಬೇತಿಯ ದಿನಗಳಲ್ಲಿ ಇದನ್ನು ಓದಿದಾಗ ನನಗೆ ಹೊರೆಯೊಂದು ಇಳಿದಂತಾಗಿತ್ತು. ಮಗು ಎಂದರೆ ಅರ್ಧಕ್ಕೆ ನಿಂತ ದೊಡ್ಡವನಲ್ಲ, ಬಾಲ್ಯವು ಮುಂದೆಂದೋ ಬರುವ ಬದುಕಿನ ಕಾಯುವ ಕೋಣೆಯಲ್ಲ ಎಂದು ಹೇಳಲು ಅದೊಂದು ಆಧಾರವಾಗಿತ್ತು. ಈಗ ಅದೇ ವಾಕ್ಯವನ್ನು ಓದಿದರೆ ಪತ್ರಿಕೆಯ ವಾಣಿಜ್ಯ ಪುಟದ ವಾಕ್ಯದಂತೆ ಕೇಳಿಸುತ್ತದೆ. ಬೆಳವಣಿಗೆ ಏಕೆ? ಇನ್ನಷ್ಟು ಬೆಳೆಯಲು. ಶೇಕಡಾ 3ರ ದರದಲ್ಲಿ ಬೆಳೆಯುವ ಯಾವುದೇ ಮೊತ್ತ ಸುಮಾರು 24 ವರ್ಷಕ್ಕೆ ಎರಡು ಪಟ್ಟು, ನೂರು ವರ್ಷಕ್ಕೆ ಹತ್ತೊಂಬತ್ತು ಪಟ್ಟು ಆಗುತ್ತದೆ ಎಂಬ ಲೆಕ್ಕವನ್ನು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಇಂಥ ಬೆಳವಣಿಗೆಗೆ ಭೂಮಿಯಲ್ಲಿ ಮಿತಿಯುಂಟು ಎಂದು 1972ರಲ್ಲಿ ವಿಜ್ಞಾನಿ, ಉದ್ಯಮಿ ಮೊದಲಾದವರ ಕೂಟವಾದ ಕ್ಲಬ್ ಆಫ್ ರೋಮ್‌ಗಾಗಿ ಸಿದ್ಧವಾದ ವರದಿ ಎಚ್ಚರಿಸಿ ಅರ್ಧ ಶತಮಾನ ಕಳೆದಿದೆ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಶುರುವಾದ 1958ರಲ್ಲಿ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್ ಅಣುಗಳಿದ್ದವು. ಈಗ 420ನ್ನೂ ಮೀರಿವೆ. ಆ ಗ್ರಾಫ್ ಮಾತ್ರ ಒಂದು ವರ್ಷವೂ ಮಲಗಿಲ್ಲ.

ನನ್ನ ಸಂಶಯ ಇಷ್ಟು. ಡ್ಯೂಯಿಯ ಬೆಳವಣಿಗೆ ಮತ್ತು ಆರ್ಥಿಕತೆಯ ಬೆಳವಣಿಗೆ ಒಂದೇ ಹೆಸರಿನ ಎರಡು ಸಂಗತಿಗಳೋ, ಒಂದೇ ಬೇರಿನ ಎರಡು ಕೊಂಬೆಗಳೋ? ಹೆಸರು ಮಾತ್ರ ಒಂದೇ ಎನ್ನುವುದಾದರೆ ಪದ ಬದಲಿಸಿದರೆ ಸಾಕು. ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಬೆಳೆಯುವುದು ಬೇರೆ, ಬಲಿಯುವುದು ಬೇರೆ, ಮಾಗುವುದು ಬೇರೆ. ಕಾಯಿ ಬಲಿಯುವಾಗ ಗಾತ್ರದಲ್ಲಿ ಹೆಚ್ಚೇನೂ ಹಿಗ್ಗುವುದಿಲ್ಲ, ಆದರೂ ಒಳಗೆ ಮುಖ್ಯವಾದದ್ದೇನೋ ನಡೆಯುತ್ತಿರುತ್ತದೆ. ಶಿಕ್ಷಣವನ್ನು ಬೆಳವಣಿಗೆ ಎನ್ನುವ ಬದಲು ಮಾಗುವಿಕೆ ಎಂದು ಕರೆದರೆ ಈ ತೊಡಕು ಬಗೆಹರಿಯುತ್ತದೆಯೇ? ಓದಿಕೊಂಡವರು ತಿಳಿಸಬೇಕು.

ಉತ್ತರ: ಹಳೆಯ ಮೇಷ್ಟ್ರು

ಪ್ರಶ್ನೆ ಚೆನ್ನಾಗಿದೆ, ಕೊನೆಯಲ್ಲಿ ನೀವು ಕೊಟ್ಟಿರುವ ಪರಿಹಾರವನ್ನು ಮಾತ್ರ ನಾನು ಒಪ್ಪಲಾರೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಮಾಗುವುದು ಎಂಬ ಪದ ಕಿವಿಗೆ ಹಿತವಾಗಿದೆ. ಆದರೆ ಮಾವಿನ ಕಾಯಿ ಮಾಗಿದರೆ ಮಾವಿನ ಹಣ್ಣೇ ಆಗಬೇಕು. ಅದರ ಕೊನೆ ಬೀಜದಲ್ಲೇ ಬರೆದಿರುತ್ತದೆ. ಮಗುವಿನೊಳಗೆ ಮೊದಲೇ ಅಡಗಿರುವ ಪೂರ್ಣ ರೂಪವೊಂದು ಎಸಳೆಸಳಾಗಿ ಬಿಚ್ಚಿಕೊಳ್ಳುವುದೇ ಶಿಕ್ಷಣ ಎಂದು ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ಹೇಳುತ್ತಿದ್ದರು. ಶಿಶುವಿಹಾರಕ್ಕೆ ಮಕ್ಕಳ ತೋಟ ಎಂಬ ಅರ್ಥದ ಹೆಸರಿಟ್ಟವರೂ ಅವರೇ. ಡ್ಯೂಯಿ ಅದೇ ಗ್ರಂಥದ ಮುಂದಿನ ಅಧ್ಯಾಯದಲ್ಲಿ ಈ ನಿಲುವನ್ನೇ ಎದುರು ಹಾಕಿಕೊಳ್ಳುತ್ತಾರೆ. ಕೊನೆಯ ರೂಪ ಮೊದಲೇ ಗೊತ್ತಾಗಿದೆ ಎಂದಾದರೆ ಮಗುವಿನ ಇಂದಿಗೆ ತನ್ನದೇ ಆದ ಬೆಲೆಯಿಲ್ಲ, ಎಲ್ಲವೂ ಆ ಕೊನೆಗೆ ನಡೆಸುವ ತಯಾರಿ ಎಂದಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆ ಕೊನೆ ಯಾವುದೆಂದು ಹೇಳುವ ಅಧಿಕಾರ ಯಾರದೋ ಕೈಗೆ ಹೋಗುತ್ತದೆ ಎನ್ನುವುದು. ಪರಿಸರದ ಹೆಸರಿನಲ್ಲಿ ಆ ಅಧಿಕಾರವನ್ನು ಕೊಟ್ಟರೂ ಅದು ಅಧಿಕಾರವೇ. ಹೇಗೆ ಬದುಕಬೇಕೆಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ, ಮಕ್ಕಳನ್ನು ನಾವು ಬಲ್ಲ ಹಣ್ಣಿನ ಆಕಾರಕ್ಕೆ ಮಾಗಿಸುವುದು ನನಗೆ ಕ್ಷೇಮವಾಗಿ ಕಾಣುವುದಿಲ್ಲ.

ಇನ್ನು ಹೆಸರೊಂದೇ ಇರುವ ಎರಡು ಸಂಗತಿಗಳೇ ಎಂಬ ಪ್ರಶ್ನೆ. ಡ್ಯೂಯಿಯ ಬೆಂಬಲಿಗರು ಸಾಮಾನ್ಯವಾಗಿ 1938ರ ಅವರ ಉಪನ್ಯಾಸಗಳನ್ನು ಮುಂದಿಡುತ್ತಾರೆ. ಕಳ್ಳತನದಲ್ಲಿ ಪಳಗುತ್ತಾ ಹೋಗುವವನೂ ಬೆಳೆಯುತ್ತಾನಲ್ಲ ಎಂಬ ಆಕ್ಷೇಪಕ್ಕೆ ಅಲ್ಲಿ ಉತ್ತರವಿದೆ. ಒಂದು ದಿಕ್ಕಿನ ಬೆಳವಣಿಗೆ ಮುಂದಿನ, ಬೇರೆ ಬೇರೆ ದಿಕ್ಕುಗಳ ಬೆಳವಣಿಗೆಗೆ ದಾರಿ ತೆರೆಯುತ್ತದೆಯೇ, ಮುಚ್ಚುತ್ತದೆಯೇ ಎಂಬುದೇ ಒರೆಗಲ್ಲು. ಮೊತ್ತದ ಹೆಚ್ಚಳಕ್ಕೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ಡ್ಯೂಯಿ ನಿರ್ದೋಷಿ ಎಂದು ಅಲ್ಲಿಗೆ ತೀರ್ಪು ಕೊಟ್ಟುಬಿಡುತ್ತಾರೆ. ನಾನೂ ಬಹಳ ವರ್ಷ ತರಗತಿಯಲ್ಲಿ ಹಾಗೆಯೇ ಪಾಠ ಮಾಡಿದೆ.

ಆದರೆ 1916ರ ಗ್ರಂಥದಲ್ಲಿ, ಬೆಳವಣಿಗೆಯನ್ನೇ ಕುರಿತ ನಾಲ್ಕನೆಯ ಅಧ್ಯಾಯದಲ್ಲಿ, ನಾವು ಸಾಮಾನ್ಯವಾಗಿ ಹಾರಿಸಿಬಿಡುವ ಒಂದು ಉದಾಹರಣೆಯಿದೆ. ಮರುಭೂಮಿಯಂಥ ಬಯಲಿನಲ್ಲಿ ಒಂದು ಬುಡಕಟ್ಟು ಇದ್ದುದಕ್ಕೆ ಹೊಂದಿಕೊಂಡು, ಸಹಿಸಿಕೊಂಡು ಬದುಕುತ್ತಿರುತ್ತದೆ. ಅಲ್ಲಿಗೆ ನಾಗರಿಕ ಜನ ಬರುತ್ತಾರೆ, ನೀರಾವರಿ ತರುತ್ತಾರೆ, ಅಂಥ ನೆಲದಲ್ಲಿ ಹುಲುಸಾಗುವ ಗಿಡಗಳನ್ನೂ ಪ್ರಾಣಿಗಳನ್ನೂ ಲೋಕವೆಲ್ಲ ಹುಡುಕಿ ತರುತ್ತಾರೆ, ಬೆಂಗಾಡು ಹೂ ಬಿಡುತ್ತದೆ. ಮೊದಲಿನವರದು ಬರಿಯ ರೂಢಿ, ಎರಡನೆಯವರದು ಪರಿಸರವನ್ನೇ ಬದಲಿಸುವ ಸಕ್ರಿಯ ಅಭ್ಯಾಸ. ಬೆಳವಣಿಗೆಯ ಗುರುತು ಎರಡನೆಯದು ಎನ್ನುತ್ತಾರೆ ಡ್ಯೂಯಿ. ಇದು ಬಾಯಿತಪ್ಪಿ ಬಂದ ಮಾತಲ್ಲ. ಬೆಳವಣಿಗೆ ಎಂದರೇನು ಎಂದು ತೋರಿಸಲೆಂದೇ ಆರಿಸಿಕೊಂಡ ಚಿತ್ರ.

ಆ ಚಿತ್ರದ ಮುಂದಿನ ಭಾಗ ಅವರು ಬದುಕಿದ್ದಾಗ ಪೂರ್ತಿ ತೆರೆದುಕೊಂಡಿರಲಿಲ್ಲ. ಡ್ಯೂಯಿ ತೀರಿಕೊಂಡದ್ದು 1952ರಲ್ಲಿ. ಮಧ್ಯ ಏಷ್ಯಾದ ಒಣ ಬಯಲಿನಲ್ಲಿ ಹತ್ತಿ ಬೆಳೆಯಲೆಂದು ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿದ್ದರ ಫಲವಾಗಿ, ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿದ್ದ ಅರಲ್ ಸಮುದ್ರ 1960ರ ದಶಕದಿಂದ ಬತ್ತತೊಡಗಿತು. ಬೆಂಗಾಡು ಹೂ ಬಿಟ್ಟದ್ದು ನಿಜ. ಮೀನುಗಾರರ ದೋಣಿಗಳು ಮರಳಿನಲ್ಲಿ ನಿಂತದ್ದೂ, ಒಣಗಿದ ತಳದ ಉಪ್ಪು ಗಾಳಿಯಲ್ಲಿ ಎದ್ದು ಅವೇ ಹೊಲಗಳ ಮೇಲೆ ಬಿದ್ದದ್ದೂ ನಿಜ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ, ಬೇರು ಒಂದೇ. ಪರಿಸರವನ್ನು ಕೈವಶ ಮಾಡಿಕೊಳ್ಳುವ ಸಾಮರ್ಥ್ಯವನ್ನೇ ಬೆಳವಣಿಗೆಯ ಮುಖ್ಯ ಗುರುತಾಗಿ ಎಣಿಸುವ ಕಡೆ ಎರಡೂ ಬೆಳವಣಿಗೆಗಳು ಕೈಕುಲುಕುತ್ತವೆ.

ಹಾಗೆಂದು ಡ್ಯೂಯಿಯನ್ನು ಬದಿಗಿಡಬೇಕೇ? ಬೇಡ ಎನ್ನಲು ಕಾರಣವೂ ಅದೇ ಅಧ್ಯಾಯದಲ್ಲಿದೆ. ಬೆಳೆಯುವ ಶಕ್ತಿಗೆ ಎರಡು ಆಧಾರಗಳು ಎನ್ನುತ್ತಾರೆ ಅವರು. ಒಂದು, ಅನುಭವದಿಂದ ತಿದ್ದಿಕೊಳ್ಳುವ ಗುಣ, ಇನ್ನೊಂದು ಅವಲಂಬನೆ. ಮಗು ಇತರರನ್ನು ನೆಚ್ಚಿಕೊಂಡಿರುವುದು ಅದರ ಕೊರತೆಯಲ್ಲ, ಅದೊಂದು ಶಕ್ತಿ; ತಾನೊಬ್ಬನೇ ನಿಂತು ಎಲ್ಲವನ್ನೂ ಮಾಡಬಲ್ಲೆ ಎಂಬ ಭ್ರಮೆ ಹೆಸರಿಡದ ಒಂದು ಬಗೆಯ ಹುಚ್ಚು, ಲೋಕದಲ್ಲಿ ತಪ್ಪಿಸಬಹುದಾಗಿದ್ದ ಸಂಕಟಗಳಲ್ಲಿ ಬಹಳಷ್ಟಕ್ಕೆ ಅದೇ ಕಾರಣ ಎಂಬಷ್ಟು ಕಟುವಾಗಿ ಬರೆಯುತ್ತಾರೆ. ನೂರು ವರ್ಷಗಳಲ್ಲಿ ನಮ್ಮ ಶಾಲೆಗಳು ಮೊದಲನೆಯ ಆಧಾರವನ್ನು ಬಿಗಿಯಾಗಿ ಹಿಡಿದುಕೊಂಡವು. ಕೌಶಲ, ಹೊಂದಾಣಿಕೆ, ಹೊಸತನ ಎಂದು ಅದಕ್ಕೆ ವರ್ಷಕ್ಕೊಂದು ಹೆಸರು. ಎರಡನೆಯದನ್ನು ಕೈಬಿಟ್ಟವು. ಯಾರ ಹಂಗೂ ಇಲ್ಲದೆ ಬದುಕುತ್ತಾನೆ ಎಂದು ನಾವು ಮೆಚ್ಚಿಕೊಂಡು ಹೇಳುತ್ತೇವಲ್ಲ, ಅಂಥವನು ಎಲ್ಲಿದ್ದಾನೆ? ಉಸಿರಿಗೆ ಕಡಲಿನ ಪಾಚಿಯ ಹಂಗು, ಅನ್ನಕ್ಕೆ ಮಣ್ಣಿನ ಸೂಕ್ಷ್ಮಜೀವಿಗಳ ಹಂಗು. ಡ್ಯೂಯಿ ಅವಲಂಬನೆಯನ್ನು ಮನುಷ್ಯರ ನಡುವಿನ ಸಂಬಂಧವಾಗಿ ಮಾತ್ರ ಕಂಡರು. ಅದನ್ನು ನೀರು, ಮಣ್ಣು, ಇತರ ಜೀವಿಗಳವರೆಗೆ ಹಿಗ್ಗಿಸಿದರೆ ಅವರ ಒರೆಗಲ್ಲೂ ಹಿಗ್ಗುತ್ತದೆ. ಈ ಬೆಳವಣಿಗೆ ಮುಂದಿನ ಬೆಳವಣಿಗೆಗೆ ದಾರಿ ತೆರೆಯುತ್ತದೆಯೇ ಎಂದು ಕೇಳುವಾಗ, ಯಾರ ಮುಂದಿನ ಬೆಳವಣಿಗೆಗೆ ಎಂಬುದನ್ನೂ ಕೇಳಬೇಕಾಗುತ್ತದೆ.

ಪದವನ್ನು ಉಳಿಸಿಕೊಳ್ಳಿ. ಅದರ ಲೆಕ್ಕದ ಪುಸ್ತಕವನ್ನು ಬದಲಿಸಿ.

ಉತ್ತರ: ಒಪ್ಪದವನು

ಮೇಷ್ಟ್ರ ಉತ್ತರವನ್ನು ಗೌರವದಿಂದಲೇ ಓದಿದೆ. ಆದರೆ ಇಲ್ಲಿ ಎಲ್ಲರೂ ಗಿಡವನ್ನೂ ಡ್ಯೂಯಿಯನ್ನೂ ನೋಡುತ್ತಿದ್ದಾರೆ, ಆ ಹುಡುಗನನ್ನು ಯಾರೂ ನೋಡುತ್ತಿಲ್ಲ. ಅವನು ತಪ್ಪು ಮಾಡಲಿಲ್ಲ. ಶಾಲೆ ಯಾವುದಕ್ಕೆ ಅಂಕ ಕೊಡುತ್ತದೆ ಎಂಬುದನ್ನು ಸರಿಯಾಗಿ ಓದಿಕೊಂಡು ಅದಕ್ಕೆ ತಕ್ಕ ಉತ್ತರ ಬರೆದ. ಎಂಟು ವರ್ಷ ಶಾಲೆಯಲ್ಲಿ ಕಲಿತದ್ದರ ಫಲ ಅದು.

ಶಿಕ್ಷಣ ಮತ್ತು ಆರ್ಥಿಕ ಬೆಳವಣಿಗೆಯ ಗಂಟು ಪದದ್ದೂ ಅಲ್ಲ, ಬೇರಿನದ್ದೂ ಅಲ್ಲ, ಹಣದ್ದು. 1960ರ ದಶಕದ ಆರಂಭದಲ್ಲಿ ಥಿಯೊಡರ್ ಶುಲ್ಟ್ಸ್, ಗ್ಯಾರಿ ಬೆಕರ್ ಮೊದಲಾದ ಅರ್ಥಶಾಸ್ತ್ರಜ್ಞರು ಶಿಕ್ಷಣವನ್ನು ಮಾನವ ಬಂಡವಾಳದ, ಅಂದರೆ ದುಡಿಯುವವರ ಜ್ಞಾನ ಮತ್ತು ಕೌಶಲದ, ಹೂಡಿಕೆ ಎಂದು ವಿವರಿಸಿದ ಮೇಲೆ, ಸರ್ಕಾರಗಳು ಶಾಲೆಗೆ ಹಣ ಕೊಡಲು ಹೇಳುವ ಮೊದಲ ಕಾರಣವೇ ಅದಾಯಿತು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ತೆರೆದು ನೋಡಿ. ನಾಲ್ಕನೆಯ ಗುರಿಯಲ್ಲಿ ಸುಸ್ಥಿರ ಬದುಕಿನ ಶಿಕ್ಷಣ ಎಲ್ಲರಿಗೂ ಸಿಗಬೇಕು ಎಂದಿದೆ. ಎಂಟನೆಯ ಗುರಿಯಲ್ಲಿ ಅತಿ ಹಿಂದುಳಿದ ದೇಶಗಳ ಆರ್ಥಿಕತೆ ವರ್ಷಕ್ಕೆ ಕನಿಷ್ಠ ಶೇಕಡಾ 7ರಷ್ಟು ಬೆಳೆಯಬೇಕು ಎಂದಿದೆ. ಅಂದರೆ ಹತ್ತು ವರ್ಷಕ್ಕೊಮ್ಮೆ ಎರಡು ಪಟ್ಟು. ಅದನ್ನು ನಾನು ಗೇಲಿ ಮಾಡುತ್ತಿಲ್ಲ. ರಾತ್ರಿ ಓದಲು ದೀಪವಿಲ್ಲದ, ಹೆರಿಗೆಗೆ ಆಸ್ಪತ್ರೆಯಿಲ್ಲದ ಕಡೆ ಬೆಳವಣಿಗೆ ಎಂದರೆ ದೀಪ ಮತ್ತು ಆಸ್ಪತ್ರೆ. ಅಲ್ಲಿಗೆ ಹೋಗಿ ಮಾಗುವುದರ ಬಗ್ಗೆ ಭಾಷಣ ಮಾಡುವುದು ನಾಚಿಕೆಗೇಡು. ನಿಲ್ಲಬೇಕಾದವರು ಬೇರೆ ಇದ್ದಾರೆ, ಮತ್ತು ಸಾಮಾನ್ಯವಾಗಿ ಹೆಚ್ಚು ವರ್ಷ ಶಾಲೆಗೆ ಹೋದವರು ಅವರೇ. ತಲಾ ಇಂಗಾಲದ ಹೊಗೆ ಹೆಚ್ಚಿರುವುದು ಅನಕ್ಷರಸ್ಥ ಸಮಾಜಗಳಲ್ಲಲ್ಲ. ಓದಿನ ಕೊರತೆಯಿಂದ ಈ ಬಿಕ್ಕಟ್ಟು ಬಂದಿದ್ದರೆ ಹೆಚ್ಚು ಓದಿಸಿ ಬಗೆಹರಿಸಬಹುದಿತ್ತು.

ಒಂದು ಅನುಭವ ಹೇಳುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದು ಶಾಲೆಗಳಿಗೆ ಪರಿಸರ ಶಿಕ್ಷಣದ ಕಾರ್ಯಕ್ರಮ ನಡೆಸುತ್ತಿತ್ತು. ನೆಟ್ಟ ಸಸಿಗಳ ಸಂಖ್ಯೆ ಪ್ರತಿವರ್ಷ ಹಿಂದಿನ ವರ್ಷಕ್ಕಿಂತ ಹೆಚ್ಚಿರಬೇಕು ಎಂಬುದು ಅಲ್ಲಿನ ನಿಯಮ. ವರದಿಯ ನಮೂನೆಯಲ್ಲಿ ನೆಟ್ಟ ಸಸಿಗಳಿಗೆ ಒಂದು ಕಾಲಂ ಇತ್ತು, ಬದುಕಿ ಉಳಿದ ಸಸಿಗಳಿಗೆ ಇರಲಿಲ್ಲ. ಹೀಗಾಗಿ ಮೂರು ವರ್ಷ ಒಂದೇ ಗುಂಡಿಗಳಲ್ಲಿ ಸಸಿ ನೆಟ್ಟ ಶಾಲೆಯೂ ಇತ್ತು. ಅದರ ಗೆರೆಯೂ ಮೇಲಕ್ಕೇ ಹೋಗುತ್ತಿತ್ತು. ಅಲ್ಲಿದ್ದವರೆಲ್ಲ ಒಳ್ಳೆಯವರೇ, ಬೇಕಾದಷ್ಟು ಓದಿಕೊಂಡವರೇ. ರಾಷ್ಟ್ರೀಯ ವರಮಾನವನ್ನು ಅಳೆಯುವ ಕ್ರಮವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ ಅವರೇ, ಈ ಅಂಕಿಯಿಂದ ದೇಶದ ಕ್ಷೇಮವನ್ನು ಊಹಿಸಲಾಗದು ಎಂದು 1934ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಬರೆದುಕೊಟ್ಟಿದ್ದರು. ಎಚ್ಚರಿಕೆ ಕಡತದಲ್ಲಿ ಉಳಿಯಿತು, ಅಂಕಿ ಊರೆಲ್ಲ ಸುತ್ತಿತು.

ಇನ್ನೊಂದು ಅನುಮಾನವನ್ನೂ ಹೇಳಿಬಿಡುತ್ತೇನೆ. ದೊಡ್ಡವರು ಮಾಡಲಾಗದ್ದನ್ನು ಮಕ್ಕಳ ಕೈಯಿಂದ ಮಾಡಿಸುವ ಆಸೆ ಇಂಥ ಚರ್ಚೆಗಳಲ್ಲೆಲ್ಲ ಒಳಗೊಳಗೇ ಹರಿಯುತ್ತಿರುತ್ತದೆ. ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1950ರ ದಶಕದಲ್ಲಿ ಶಿಕ್ಷಣದ ಬಿಕ್ಕಟ್ಟಿನ ಕುರಿತು ಬರೆಯುವಾಗ ಎಚ್ಚರಿಸಿದ್ದು ಇದನ್ನೇ. ಲೋಕ ಈಗ ಇರುವ ಸ್ಥಿತಿಗೆ ಹೊಣೆ ಹೊರದವರು ಮಕ್ಕಳಿಗೆ ಕಲಿಸಲು ಹೋಗಬಾರದು. ಹೊಸ ಲೋಕ ಕಟ್ಟುವ ಕೆಲಸವನ್ನು ಮಕ್ಕಳ ಮೇಲೆ ಹೊರಿಸಿದರೆ, ಅವರು ತಾವಾಗಿ ತರಬಹುದಾಗಿದ್ದ ಹೊಸತನವನ್ನೇ ಕಸಿದುಕೊಂಡಂತೆ. ಎಂಟನೆಯ ತರಗತಿಯ ಹುಡುಗ ಭೂಮಿಯನ್ನು ಉಳಿಸಬೇಕಾಗಿಲ್ಲ. ಮಲಗಿದ ಗೆರೆಯನ್ನು ಮಲಗಿದಂತೆಯೇ ಬರೆದರೂ ಅಂಕ ಸಿಗುತ್ತದೆ ಎಂಬ ಭರವಸೆ ಅವನಿಗೆ ಬೇಕು. ಟೀಚರ್, ನೀವು ಆ ದಿನ ಅವನಿಗೆ ಎಷ್ಟು ಅಂಕ ಕೊಟ್ಟಿರಿ?

ಉತ್ತರ: ಸಸ್ಯಶಾಸ್ತ್ರದವರು

ತತ್ತ್ವಶಾಸ್ತ್ರ ನನ್ನ ವಿಷಯವಲ್ಲ. ಗಿಡದ ಬಗ್ಗೆ ಮಾತ್ರ ಹೇಳಬಲ್ಲೆ, ಅಷ್ಟೂ ಬೇಕಾಗಬಹುದು.

ಟೀಚರ್ ಅವರ ಕುಂಡದಲ್ಲಿದ್ದದ್ದು ಗಿಡ್ಡ ತಳಿಯ ಹುರುಳಿಕಾಯಿ ಇರಬೇಕು. ಆ ತಳಿಯಲ್ಲಿ ಕಾಂಡದ ತುದಿಯ ಕುಡಿಯೇ ಹೂಗೊಂಚಲಾಗಿ ಬದಲಾಗುತ್ತದೆ. ಹೊಸ ಎಲೆ, ಹೊಸ ಗೆಣ್ಣು ಹುಟ್ಟಿಸುವ ಭಾಗವೇ ಹೂವಾಗಿ ಹೋದ ಮೇಲೆ ಏರಲು ಉಳಿಯುವುದೇನು? ಬಳ್ಳಿಯ ತಳಿಯಲ್ಲಿ ಹಾಗಲ್ಲ. ಅಲ್ಲಿ ಹೂಗಳು ಪಕ್ಕದ ಗೆಣ್ಣುಗಳಲ್ಲಿ ಬರುತ್ತವೆ, ತುದಿ ಏರುತ್ತಲೇ ಇರುತ್ತದೆ. ಎರಡೂ ಒಂದೇ ಜಾತಿಯ ಗಿಡ. ಆದ್ದರಿಂದ ಗಿಡವನ್ನು ನೋಡಿ ಬೆಳವಣಿಗೆಗೆ ಸಹಜವಾಗಿಯೇ ಕೊನೆಯುಂಟು ಎನ್ನುವವರಿಗೂ, ಸಹಜವಾಗಿ ಕೊನೆಯೇ ಇಲ್ಲ ಎನ್ನುವವರಿಗೂ ಒಂದೊಂದು ಸಾಕ್ಷಿ ಸಿಗುತ್ತದೆ. ಪ್ರಕೃತಿಯಿಂದ ನೀತಿಪಾಠ ತೆಗೆಯುವಾಗ ನಾವು ಬಹುಪಾಲು ನಮಗೆ ಬೇಕಾದ ತಳಿಯನ್ನೇ ಬಿತ್ತಿರುತ್ತೇವೆ.

ಮೊಗ್ಗು ಬಂದ ಮೇಲೆ ಎತ್ತರದ ಗೆರೆ ಮಲಗಿದರೂ ಗಿಡದೊಳಗೆ ಭಾರಿ ಸಾಗಾಟ ನಡೆಯುತ್ತದೆ. ಕಾಯಿ ಕಟ್ಟುವಾಗ ಎಲೆಗಳಲ್ಲಿನ ಸಾರಜನಕ ಕಾಳುಗಳ ಕಡೆಗೆ ಹರಿಯುತ್ತದೆ. ಕೆಳಗಿನ ಎಲೆಗಳು ಹಳದಿಯಾಗುವುದಕ್ಕೆ ಇದೂ ಒಂದು ಕಾರಣ. ಮಕ್ಕಳು ಹಳದಿ ಎಲೆ ಕಂಡರೆ ಗಿಡಕ್ಕೆ ರೋಗ ಬಂತು ಎಂದು ಹೇಳುತ್ತಾರೆ. ಗಿಡ ತನ್ನನ್ನು ತಾನೇ ಬಿಚ್ಚಿ ಬೀಜಕ್ಕೆ ಕಟ್ಟಿಕೊಡುತ್ತಿದೆ ಎಂದು ತೋರಿಸಿಕೊಟ್ಟರೆ ಅವರು ನೋಡುವ ರೀತಿಯೇ ಬೇರೆಯಾಗುತ್ತದೆ.

ಕಾಡಿನ ಉದಾಹರಣೆಯನ್ನು ಯಾರೂ ಎತ್ತಿಲ್ಲ, ಆದ್ದರಿಂದ ಒಂದು ಮಾತು. ಪರಿಸರ ವಿಜ್ಞಾನಿ ಯೂಜೀನ್ ಓಡಮ್ 1969ರಲ್ಲಿ ಬರೆದ ಪ್ರಸಿದ್ಧ ಲೇಖನದ ಪ್ರಕಾರ, ಬರಿದಾದ ನೆಲದಲ್ಲಿ ಮೊದಲು ಹುಟ್ಟುವ ಸಸ್ಯ ಸಮುದಾಯ ತಾನು ಉಸಿರಾಟದಲ್ಲಿ ವ್ಯಯಿಸುವುದಕ್ಕಿಂತ ಬಹಳ ಹೆಚ್ಚು ಉತ್ಪಾದಿಸುತ್ತದೆ. ಹಳೆಯದಾದಂತೆ ಉತ್ಪಾದನೆ ಮತ್ತು ವ್ಯಯ ಸರಿಸಮಕ್ಕೆ ಹತ್ತಿರವಾಗುತ್ತವೆ. ಒಟ್ಟು ಮೊತ್ತ ಹೆಚ್ಚುವುದು ಕುಗ್ಗಿದರೂ ಅದರೊಳಗೆ ಪ್ರತಿಯೊಂದೂ ಹುಟ್ಟುತ್ತಾ ಬೆಳೆಯುತ್ತಾ ಕೊಳೆಯುತ್ತಾ ಇರುತ್ತದೆ, ಜೀವಿಗಳ ನಡುವಿನ ಕೊಂಡಿಗಳು ಹೆಚ್ಚುತ್ತವೆ. ಮೇಷ್ಟ್ರು ಹೇಳುವ ಬೆಳವಣಿಗೆಗೆ ಇದು ಹತ್ತಿರದ ಚಿತ್ರವಾಗಬಹುದು. ಆದರೆ ಪೂರ್ತಿ ನೆಚ್ಚಬೇಡಿ: ನಂತರದ ಅಳತೆಗಳಲ್ಲಿ ಎಷ್ಟೋ ಹಳೆಯ ಕಾಡುಗಳು ನಿಧಾನವಾಗಿ ಇಂಗಾಲವನ್ನು ಕೂಡಿಸುತ್ತಲೇ ಇರುವುದು ಕಂಡುಬಂದಿದೆ.

ಕೊನೆಯದಾಗಿ, ಬೆಳೆಯುವುದೆಂದರೆ ಸುತ್ತಲಿನಿಂದ ಕಸಿದುಕೊಳ್ಳುವುದು ಎಂಬ ಭಾವನೆ ಈ ಚರ್ಚೆಯಲ್ಲಿ ತೇಲುತ್ತಿದೆ. ಬೆಲ್ಜಿಯಂ ಸೀಮೆಯ ಫಾನ್ ಹೆಲ್ಮಾಂಟ್ ಎಂಬ ವೈದ್ಯ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ನೀರವಂಜಿ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಕೊಟ್ಟು ತೂಗಿದ. ಮರ 169 ಪೌಂಡ್ ಮೀರಿತ್ತು. ಮಣ್ಣು ಕಳೆದುಕೊಂಡಿದ್ದದ್ದು ಸುಮಾರು 2 ಔನ್ಸ್, ಅಂದರೆ ಅರವತ್ತು ಗ್ರಾಂಗೂ ಕಡಿಮೆ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಇದು ಅಚ್ಚಾಯಿತು. ನೀರೇ ಮರವಾಯಿತು ಎಂದು ಅವನು ತಪ್ಪಾಗಿ ತಿಳಿದಿದ್ದ. ಮರದ ಒಣ ತೂಕದ ಸುಮಾರು ಅರ್ಧದಷ್ಟು ಗಾಳಿಯಿಂದ ಬಂದ ಇಂಗಾಲ ಎಂಬುದು ಗೊತ್ತಾಗಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. ಅಂದರೆ ಯಾವುದರಿಂದ ಎಷ್ಟು ಪಡೆದು ಬೆಳೆಯಿತು ಎಂಬುದು ಊಹಿಸಿ ಹೇಳುವ ವಿಷಯವಲ್ಲ, ತೂಗಿ ನೋಡಬೇಕಾದದ್ದು. ಆ ಎರಡು ಔನ್ಸೂ ಸುಮ್ಮನೆ ಬಿಡುವಂಥದ್ದಲ್ಲ; ರಂಜಕ, ಪೊಟ್ಯಾಶಿಯಂ ಮೊದಲಾದವು ಅದರಲ್ಲೇ ಇರುತ್ತವೆ, ಹೊಲದಿಂದ ಅವು ಹೋಗಿ ಮರಳದಿದ್ದರೆ ಮುಂದಿನ ಬೆಳೆ ಸೊರಗುತ್ತದೆ.

ಮರುಮಾತು: ವಿಜ್ಞಾನದ ಟೀಚರ್

ಮೂವರಿಗೂ ಕೃತಜ್ಞತೆಗಳು. ಮರುಭೂಮಿಯ ಆ ಪುಟವನ್ನು ನಾನು ಕನಿಷ್ಠ ನಾಲ್ಕು ಬಾರಿ ಓದಿದ್ದೇನೆ, ನಾಲ್ಕು ಬಾರಿಯೂ ಅದು ನನ್ನನ್ನು ತಡೆದು ನಿಲ್ಲಿಸಲಿಲ್ಲ. ಮೇಷ್ಟ್ರೇ, ಮಾಗುವಿಕೆ ಎಂಬ ಪದವನ್ನು ಪ್ರಬಂಧದಿಂದ ತೆಗೆಯುತ್ತಿದ್ದೇನೆ. ಅವಲಂಬನೆಯ ಅಧ್ಯಾಯ ಹೊಸದಾಗಿ ಬರೆಯಬೇಕು. ಆದರೆ ಅವಲಂಬನೆಯನ್ನು ಮಣ್ಣಿನವರೆಗೆ ಹಿಗ್ಗಿಸಿದರೆ ಒಂದು ತೊಡಕು ಉಳಿಯುತ್ತದೆ. ಮನುಷ್ಯರ ನಡುವಿನ ಅವಲಂಬನೆಯಲ್ಲಿ ಇನ್ನೊಬ್ಬರು ಮಾತನಾಡಬಲ್ಲರು, ದೂರು ಹೇಳಬಲ್ಲರು. ಮಣ್ಣಿನ ಪರವಾಗಿ ಯಾರು ಮಾತನಾಡುತ್ತಾರೋ ಅವರ ಕೈಗೆ ನೀವು ಹೇಳಿದ ಆ ಅಧಿಕಾರವೇ ಮತ್ತೆ ಹೋಗುವುದಿಲ್ಲವೇ? ಇದಕ್ಕೆ ನನ್ನ ಬಳಿ ಉತ್ತರವಿಲ್ಲ.

ಒಪ್ಪದವರು ಕೇಳಿದ್ದಕ್ಕೆ ಉತ್ತರ: ಆ ದಿನ ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದೆ. ಸುಳ್ಳು ದಾಖಲೆ ಎಂದು ಕೆಂಪು ಶಾಯಿಯಲ್ಲಿ ಬರೆದೂ ಇದ್ದೆ. ನಿಮ್ಮ ಪ್ರಶ್ನೆ ಓದಿದ ಮರುದಿನ ಹಾಳೆಗಳನ್ನು ವಾಪಸು ತರಿಸಿ, ಅಂಚುಗಳ ಹೆಸರನ್ನು ನೀವೇ ಆರಿಸಿ ಎಂದು ಮಕ್ಕಳಿಗೆ ಬಿಟ್ಟುಕೊಟ್ಟೆ. ಒಂದು ಗುಂಪು ಎಲೆಗಳನ್ನು ಎಣಿಸುತ್ತಿದೆ. ಇನ್ನೊಂದು ಗುಂಪು ಕುಂಡಕ್ಕೆ ಬರುವ ಇರುವೆಗಳನ್ನು ಎಣಿಸುತ್ತಿದ್ದು, ಅದು ಯಾವ ಗ್ರಾಫೂ ಆಗುವ ಲಕ್ಷಣವಿಲ್ಲ. ಗೆರೆ ಎಳೆದ ಹುಡುಗ ಎರಡು ದಿನ ಏನೂ ಹೇಳಲಿಲ್ಲ. ಆಮೇಲೆ ಬಂದು, ಗಿಡ ಮುಗಿದ ಮೇಲೆ ಕುಂಡದ ಮಣ್ಣು ಎಷ್ಟು ಉಳಿದಿರುತ್ತದೆ, ಮೊದಲು ಎಷ್ಟಿತ್ತು ಎಂದು ಕೇಳಿದ. ಮೊದಲು ಎಷ್ಟಿತ್ತೆಂದು ನಾವು ಯಾರೂ ತೂಗಿರಲಿಲ್ಲ. ಮುಂದಿನ ಬಿತ್ತನೆಗೆ ತೂಗಿಯೇ ಇಡೋಣ ಎಂದಿದ್ದೇನೆ. ನಮ್ಮ ಪ್ರಯೋಗಾಲಯದ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ. ಸಸ್ಯಶಾಸ್ತ್ರದವರೇ, ಅದರಲ್ಲಿ ಏನಾದರೂ ಕಂಡೀತೇ?

ಉತ್ತರ: ಸಸ್ಯಶಾಸ್ತ್ರದವರು

ಒಂದು ಗಿಡಕ್ಕೆ ಕಾಣುವುದು ಅನುಮಾನ. ನಾಲ್ಕೈದು ಬಾರಿ ಅದೇ ಮಣ್ಣಿನಲ್ಲಿ ಬಿತ್ತಿ, ಕಿತ್ತ ಗಿಡ, ಬೇರು, ಉದುರಿದ ಎಲೆ ಎಲ್ಲವನ್ನೂ ಬೇರೆ ಇಟ್ಟರೆ ಕಂಡರೂ ಕಂಡೀತು. ಎರಡು ಸಲ ತೂಗುವಾಗಲೂ ಮಣ್ಣನ್ನು ಪೂರ್ತಿ ಒಣಗಿಸಿರಬೇಕು, ಇಲ್ಲದಿದ್ದರೆ ನೀವು ತೂಗುವುದು ನೀರನ್ನೇ. ಗಾಳಿಯ ಧೂಳು ಬೀಳದಂತೆ ಕುಂಡದ ಬಾಯಿಗೆ ತೂತಿರುವ ತಗಡೊಂದನ್ನು ಮುಚ್ಚಿ. ಹೆಲ್ಮಾಂಟ್ ಕೂಡ ಹಾಗೆಯೇ ಮಾಡಿದ್ದ. ಇರುವೆ ಎಣಿಸುವ ಗುಂಪಿಗೆ ಇದರಿಂದ ಬೇಜಾರಾಗಬಹುದು, ಅವರಿಗೆ ಬೇರೊಂದು ಕುಂಡ ಕೊಡಿ.